ಹಸಿರಂಚಿನ ಕುಂಚಿಗೆ

2024ರ ಮೇ ತಿಂಗಳ ಒಂದು ರಾತ್ರಿ. ಮುಂಬಯಿಯ ನಮ್ಮ ಮನೆಯಲ್ಲಿ ಗಂಟೆ ಹನ್ನೊಂದೂವರೆ. ನಾನು, ನನ್ನ ಹೆಂಡತಿ ಕಂಪ್ಯೂಟರ್ ಮುಂದೆ ಕೂತಿದ್ದೆವು. ಅಮೆರಿಕದಲ್ಲಿ ಆಗ ಮಧ್ಯಾಹ್ನ ಎರಡು. ನನ್ನ ಅಣ್ಣನ ಮೊಮ್ಮಗಳು ಡಾಕ್ಟರ್ ಆಗುವ ಸಮಾರಂಭದ ನೇರ ಪ್ರಸಾರ ಬರುತ್ತಿತ್ತು. ಹೆಸರು ಕರೆದರು. ತೋಳಿನ ಮೇಲೆ ಹಸಿರಂಚಿನ ಬಟ್ಟೆಯೊಂದನ್ನು ಹಾಕಿಕೊಂಡು ಹುಡುಗಿ ವೇದಿಕೆ ಹತ್ತಿದಳು. ಅವಳ ಹಿಂದೆ ಬಂದವನು ಎಪ್ಪತ್ತನಾಲ್ಕರ ನನ್ನ ಅಣ್ಣ! ಅವಳು ಸ್ವಲ್ಪ ಬಗ್ಗಿದಳು. ಅಣ್ಣ ಆ ಬಟ್ಟೆಯನ್ನು ಅವಳ ತಲೆ ದಾಟಿಸಿ, ಹೆಗಲ ಮೇಲೆ ಇಳಿಸಿ, ಬೆನ್ನ ಮೇಲೆ ನೀಟಾಗಿ ಬಿಡಿಸಿದ.

"ಅಯ್ಯ, ಇದು ನಮ್ಮ ಕುಂಚಗಿ ಅಲ್ಲೇನ್ರೀ?" ಅಂದಳು ನನ್ನಾಕೆ.

ನಗು ಬಂತು, ಆದರೆ ಅವಳು ಹೇಳಿದ್ದು ತಪ್ಪೇನಲ್ಲ. ನಮ್ಮ ಕಡೆ ಕೂಸಿಗೆ ಖಣದ ಬಟ್ಟೆಯಲ್ಲಿ ಹೊಲಿಸಿ ಹಾಕುವ ಕುಂಚಿಗೆ ನಿಮಗೂ ಗೊತ್ತಿರಬಹುದು. ತಲೆ ಮುಚ್ಚಿ, ಬೆನ್ನ ಮೇಲೆ ಜೋತುಬೀಳುತ್ತದೆ. ಇಂಗ್ಲಿಷಿನವರ 'ಹುಡ್' ಕೂಡ ಶುರುವಾದದ್ದು ಇದೇ ಕೆಲಸಕ್ಕೆ. ಮಧ್ಯಯುಗದ ಯುರೋಪಿನಲ್ಲಿ ಪಾಠ ಹೇಳುವವರು, ಕೇಳುವವರು ಹೆಚ್ಚಾಗಿ ಪಾದ್ರಿ ವರ್ಗದವರು. ಕಲ್ಲಿನ ಕಟ್ಟಡ, ಥಂಡಿ ಬೇರೆ. ಉದ್ದ ನಿಲುವಂಗಿ, ತಲೆಗೆ ಕುಂಚಿಗೆ. ಅದಕ್ಕೊಂದು ಉದ್ದ ಬಾಲವೂ ಇರುತ್ತಿತ್ತು, ಲಿರಿಪೈಪ್ ಅಂತ ಅದರ ಹೆಸರು. ಮುಂದೆ ತಲೆಗೆ ಟೋಪಿ ಬಂತು, ಕುಂಚಿಗೆ ಬೆನ್ನಿಗೆ ಜಾರಿತು. ಬೆಚ್ಚಗಿಡುವ ಕೆಲಸ ಹೋಯಿತು, ಯಾರು ಎಷ್ಟು ಓದಿದ್ದಾರೆ ಅಂತ ತೋರಿಸುವ ಕೆಲಸ ಉಳಿಯಿತು.

ಅಮೆರಿಕದವರು ಇದನ್ನು ಕೋಷ್ಟಕ ಹಾಕಿ ಕೂರಿಸಿದರು. ಆಲ್ಬನಿ ಊರಿನ ಗಾರ್ಡನರ್ ಕಾಟ್ರೆಲ್ ಲೆನರ್ಡ್ ಎಂಬಾತ 1887ರಲ್ಲಿ ವಿಲಿಯಮ್ಸ್ ಕಾಲೇಜಿನ ತನ್ನ ಸಹಪಾಠಿಗಳಿಗೆ ಗೌನು ವಿನ್ಯಾಸ ಮಾಡಿದ್ದ. 1895ರಲ್ಲಿ ಅಲ್ಲಿನ ವಿಶ್ವವಿದ್ಯಾಲಯಗಳು ಸೇರಿ ಒಂದು ಸಂಹಿತೆ ಮಾಡಿಕೊಂಡಾಗ ಅವನ ಸಲಹೆಯೇ ಮುಖ್ಯವಾಯಿತು. ಬ್ಯಾಚುಲರ್‌ಗೆ ಮೂರು ಅಡಿ, ಮಾಸ್ಟರ್‌ಗೆ ಮೂರೂವರೆ, ಡಾಕ್ಟರ್‌ಗೆ ನಾಲ್ಕು ಅಡಿ ಉದ್ದದ ಹುಡ್. ಒಳಗಿನ ಅಸ್ತರು ಕಾಲೇಜಿನ ಬಣ್ಣದ್ದು, ಅಂಚಿನ ಮಖಮಲ್ಲು ವಿಷಯದ ಬಣ್ಣದ್ದು. ಧರ್ಮಶಾಸ್ತ್ರಕ್ಕೆ ಕಡುಗೆಂಪು, ಕಾನೂನಿಗೆ ನೇರಳೆ, ವೈದ್ಯಕ್ಕೆ ಹಸಿರು. ಔಷಧಿ ಗಿಡಮೂಲಿಕೆಗಳ ಹಸಿರು ಅಂತಾರೆ.

ಅಂದ ಹಾಗೆ, ಎಡಿನ್‌ಬರೋದಲ್ಲಿ ಪದವಿ ಕೊಡುವಾಗ ತಲೆಗೆ ಒಂದು ಹಳೇ ಟೋಪಿ ಮುಟ್ಟಿಸುತ್ತಾರೆ. ಅದು ಧರ್ಮಸುಧಾರಕ ಜಾನ್ ನಾಕ್ಸ್‌ನ ಚಡ್ಡಿಯ ಬಟ್ಟೆಯಲ್ಲಿ ಹೊಲಿದದ್ದು ಅಂತ ಒಂದು ದಂತಕಥೆ!

ಇನ್ನೊಂದು ವ್ಯತ್ಯಾಸ. ನಮ್ಮ ಎಂ.ಬಿ.ಬಿ.ಎಸ್. ಲೆಕ್ಕಕ್ಕೆ ಬ್ಯಾಚುಲರ್ ಪದವಿ, ಡಾಕ್ಟರ್ ಅನ್ನುವುದು ಗೌರವದ ಮಾತು. ಅಮೆರಿಕದಲ್ಲಿ ಎಂ.ಡಿ.ಯೇ ಮೊದಲ ವೈದ್ಯ ಪದವಿ, ಹಾಗಾಗಿ ಡಾಕ್ಟರ್‌ನ ಹುಡ್. ಅದನ್ನು ಅಧ್ಯಾಪಕರು ಹಾಕುತ್ತಾರೆ. ಮನೆಯಲ್ಲಿ ವೈದ್ಯರಿದ್ದರೆ ಅವರ ಕೈಯಿಂದ ಹಾಕಿಸಿಕೊಳ್ಳಲು ಎಷ್ಟೋ ಕಾಲೇಜುಗಳು ಬಿಡುತ್ತವೆ. ನಂತರ ಎಲ್ಲರೂ ಎದ್ದು ನಿಂತು ಪ್ರತಿಜ್ಞೆ ಮಾಡುತ್ತಾರೆ.

ಕಲ್ಯಾಣ ಸ್ಟೇಷನ್ ದಾಟುವಾಗೆಲ್ಲ ನನಗೆ ಆನಂದಿಬಾಯಿ ಜೋಶಿ ನೆನಪಾಗುತ್ತಾಳೆ. ಆ ಊರಿನ ಮನೆತನದ ಹುಡುಗಿ 1886ರ ಮಾರ್ಚ್ 11ರಂದು ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಎಂ.ಡಿ. ಆದಳು. ಲೆನರ್ಡನ ಬಣ್ಣದ ಕೋಷ್ಟಕ ಇನ್ನೂ ಬಂದಿರಲಿಲ್ಲ. ಆದರೆ ಸಭೆಯಲ್ಲಿ ತನ್ನವರು ಅಂತ ಪಂಡಿತಾ ರಮಾಬಾಯಿ ಇದ್ದರು. ಮರುವರ್ಷ ಫೆಬ್ರವರಿಯಲ್ಲಿ ಪುಣೆಯಲ್ಲಿ ಕ್ಷಯದಿಂದ ತೀರಿಕೊಂಡಳು. ವಯಸ್ಸು ಇನ್ನೂ ಇಪ್ಪತ್ತೊಂದು.

ನಮ್ಮಲ್ಲಿಗೆ ಗೌನು, ಹುಡ್ ಬಂದದ್ದು 1857ರಲ್ಲಿ ಕಲ್ಕತ್ತಾ, ಮುಂಬಯಿ, ಮದ್ರಾಸ್ ವಿಶ್ವವಿದ್ಯಾಲಯಗಳು ಹುಟ್ಟಿದಾಗ. ಫೋರ್ಟಿನಲ್ಲಿ ರಾಜಾಬಾಯಿ ಟವರಿನ ಪಕ್ಕದ ಘಟಿಕೋತ್ಸವ ಭವನ 1874ರದ್ದು. ನಕಾಶೆ ಮಾಡಿದ ಗಿಲ್ಬರ್ಟ್ ಸ್ಕಾಟ್ ಭಾರತಕ್ಕೆ ಕಾಲೇ ಇಟ್ಟಿರಲಿಲ್ಲ! ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಹುಟ್ಟುವ ತನಕ ಧಾರವಾಡ, ಬೆಳಗಾವಿ ಕಾಲೇಜುಗಳ ಹುಡುಗರಿಗೂ ಮುಂಬಯಿಯದ್ದೇ ಪದವಿ. ಅಷ್ಟೇ ಅಲ್ಲ, ಕರ್ನಾಟಕ ವಿಶ್ವವಿದ್ಯಾಲಯ ಶುರುವಾದದ್ದೂ ಮುಂಬಯಿಯಲ್ಲೇ. ಧಾರವಾಡಕ್ಕೆ ಹೋದದ್ದು ಮರುವರ್ಷ.

ಗೌನು ಪರದೇಶದ್ದು, ಆದರೆ 'ಘಟಿಕೋತ್ಸವ' ಅನ್ನುವ ಮಾತು ನಮ್ಮದು. ಘಟಿಕಾ ಅಂದರೆ ಹಿಂದಿನ ವಿದ್ಯಾಸ್ಥಾನ. ಕದಂಬರ ಮಯೂರಶರ್ಮ ಅಜ್ಜ ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಓದಲು ಹೋದ ಕತೆ ತಾಳಗುಂದದ ಕಂಬದ ಶಾಸನದಲ್ಲಿದೆ. ಅಲ್ಲಿ ಜಗಳವಾಗಿ ಓದು ಬಿಟ್ಟು ಕತ್ತಿ ಹಿಡಿದ. ಪದವಿ ಸಿಗದಿದ್ದರೂ ರಾಜ್ಯ ಸಿಕ್ಕಿತು ಅನ್ನಿ.

2010ರಲ್ಲಿ ಕೇಂದ್ರ ಸಚಿವರಾಗಿದ್ದ ಜೈರಾಮ್ ರಮೇಶ್ ಭೋಪಾಲದ ಘಟಿಕೋತ್ಸವದಲ್ಲಿ ಇದು ವಸಾಹತು ಕಾಲದ ಪಳೆಯುಳಿಕೆ ಅಂತ ಗೌನು ಕಳಚಿದಾಗ ನಾನು ಭಲೇ ಅಂದಿದ್ದೆ. ಈ ಬಿಸಿಲಿನಲ್ಲಿ ಕರಿ ಗೌನು ಯಾಕೆ ಅನ್ನುವುದು ನ್ಯಾಯವಾದ ಪ್ರಶ್ನೆಯೇ. 2024ರ ಆಗಸ್ಟಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೂ ಏಮ್ಸ್ ಮುಂತಾದ ತನ್ನ ವೈದ್ಯಕೀಯ ಸಂಸ್ಥೆಗಳಿಗೆ, ಕರಿ ಗೌನು ಬಿಟ್ಟು ಆಯಾ ರಾಜ್ಯದ ಸಂಪ್ರದಾಯದ ಉಡುಪು ರೂಪಿಸಿ ಅಂತ ಪತ್ರ ಬರೆಯಿತು. ಆದರೆ ಈ ಸಲ ಭಲೇ ಅನ್ನುವ ಮುಂಚೆ ಅಣ್ಣನಿಗೆ ಫೋನ್ ಮಾಡಿದೆ.

ಯಾಕೆಂದರೆ ಅಣ್ಣ ತನ್ನ ಘಟಿಕೋತ್ಸವಕ್ಕೆ ಹೋಗಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಮುಗಿಸಿ ದೂರದ ಹಳ್ಳಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದ. ರಜೆ ಕೇಳಿದ, ಸಿಗಲಿಲ್ಲ. ಪದವಿ ಪತ್ರ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬಂತು. ನಮ್ಮ ಮನೆತನದ ಮೊದಲ ಡಾಕ್ಟರ್ ಅವನು. ಮಗ ಗೌನು ಹಾಕಿದ್ದನ್ನು ನೋಡಬೇಕು ಅಂತ ಇದ್ದ ಅವ್ವನಿಗೆ ಒಂದು ಫೋಟೋ ಕೂಡ ಸಿಗಲಿಲ್ಲ. ಕೊನೆಯ ತನಕ ಅದನ್ನೇ ಹೇಳುತ್ತಿದ್ದಳು. ಅಣ್ಣ ಮಾತ್ರ ಆ ಮಾತು ಎತ್ತಿದವನೇ ಅಲ್ಲ.

ಫೋನಿನಲ್ಲಿ ಸುದ್ದಿ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: "ಕರೇ ಅಂಗಿ ಬ್ಯಾಡಾದ್ರ ಬ್ಯಾಡ ಬಿಡೋ ತಮ್ಮಾ. ಧೋತರ ಉಡಸ್ಲಿ, ರುಮಾಲು ಸುತ್ತಲಿ. ಆದ್ರ ಹುಡುಗ್ರನ್ನ ಹೆಸರು ಹಿಡದು ಕರೀಬೇಕು. ಒಬ್ಬರು ಹಿರೇರು ಮೈಮುಟ್ಟಿ ಏನರ ಹೊಚ್ಚಬೇಕು. ಟಪಾಲಿನ್ಯಾಗ ಮಾತ್ರ ಕಳಸಬಾರ್ದು ನೋಡು."

ಐವತ್ತು ವರ್ಷದಲ್ಲಿ ಅವನು ಆ ವಿಷಯ ಆಡಿದ್ದು ಅದೊಂದೇ ಸಲ. ಆ ಲಕೋಟೆ ಇನ್ನೂ ಇದೆಯಾ ಅಂತ ಕೇಳಿದೆ.

"ಸರ್ಟಿಫಿಕೇಟು ಗ್ವಾಡಿ ಮ್ಯಾಲೆ ಐತಿ. ಲಕೋಟಿ ಅವ್ವ ದೇವರ ಮಾಡದಾಗ ಇಟ್ಟಿದ್ಲು," ಅಂದ. "ಇನ್ನೂ ಅಲ್ಲೇ ಐತಿ."