ಬಟಾಟೆಗೆ ಬಂದ ರುಚಿ

ನಮ್ಮ ಕರಾವಳಿಯಲ್ಲಿ ಆಲೂಗಡ್ಡೆಗೆ ಬಟಾಟೆ ಎನ್ನುತ್ತೇವೆ. ಕುವೈತಿನ ತರಕಾರಿ ಅಂಗಡಿಯಲ್ಲೂ ಅದು ಬತಾತವೇ. ಊರಿಂದ ಹೊಸದಾಗಿ ಬಂದವರಿಗೆ ಅರಬ್ಬಿಯಲ್ಲಿ ಮೊದಮೊದಲು ಪರಿಚಿತವಾಗಿ ಕೇಳಿಸುವ ಪದಗಳಲ್ಲಿ ಇದೂ ಒಂದು. ಹಾಗೆಂದು ನಾವು ಅವರಿಂದಲೋ ಅವರು ನಮ್ಮಿಂದಲೋ ಕಲಿತದ್ದಲ್ಲ. ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳು ಸಿಹಿಗೆಣಸಿಗೆ ಇಟ್ಟುಕೊಂಡಿದ್ದ ಹೆಸರು ಸ್ಪೇನ್, ಪೋರ್ಚುಗಲ್ ನಾವಿಕರ ಬಾಯಿಗೆ ಬಂತು. ಅದರ ಒಂದು ಕವಲು ಪೋರ್ಚುಗೀಸರ ಜೊತೆ ನಮ್ಮ ಪಶ್ಚಿಮ ಕರಾವಳಿಗೆ ಇಳಿಯಿತು, ಇನ್ನೊಂದು ಮೆಡಿಟರೇನಿಯನ್ ದಾಟಿ ಅರಬ್ಬಿಗೆ ಹೋಯಿತು. ಗಡ್ಡೆಯೂ ಹೆಸರೂ ಎರಡೂ ಕಡೆಗೆ ಆಮದು ಮಾಲೇ.

ಹೆಸರಿನಲ್ಲಿ ಇರುವ ಈ ಒಗ್ಗಟ್ಟು ಚಿಪ್ಸಿನ ರುಚಿಯ ಮಾತು ಬಂದಾಗ ಉಳಿಯುವುದಿಲ್ಲ. ಶುಕ್ರವಾರ ಸಾಲ್ಮಿಯಾದಲ್ಲೋ ಮಂಗಾಫಿನಲ್ಲೋ ನಾಲ್ಕು ಕನ್ನಡದ ಮನೆಗಳು ಸೇರಿದರೆ ಟೀಪಾಯಿಯ ಮೇಲೆ ಕನಿಷ್ಠ ಐದು ಬಗೆಯ ಪೊಟ್ಟಣ ಇರಬೇಕು. ಹುಬ್ಬಳ್ಳಿಯ ಗೆಳೆಯರದು ಖಡಾಖಂಡಿತ ತೀರ್ಪು: "ಖಾರ ಇಲ್ಲಂದ್ರ ಅದು ಚಿಪ್ಸ್ ಅಲ್ರೀ, ಪಥ್ಯ." ಬೆಂಗಳೂರಿನವರಿಗೆ ಹಸಿರು ಪೊಟ್ಟಣದ ಕ್ರೀಮ್ ಆ್ಯಂಡ್ ಆನಿಯನ್ ಬಿಟ್ಟು ಬೇರೆ ಬೇಡ. ಮಂಗಳೂರಿನ ಕ್ರೈಸ್ತ ಮಹಿಳೆಯೊಬ್ಬರು ಉಪ್ಪು-ವಿನೆಗರಿನ ಪೊಟ್ಟಣವನ್ನು ಯಾರಿಗೂ ಕೊಡದೆ ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಆ ಹುಳಿಯಲ್ಲಿ ಅವರಿಗೆ ಅಮ್ಮನ ಸೊರ್ಪತೆಲಿನ ನೆನಪು. ಇಲ್ಲಿ ಹಂದಿಮಾಂಸ ನಿಷಿದ್ಧ. ಅದರ ವಿನೆಗರಿನ ಘಾಟು ಮಾತ್ರ ನೂರು ಫಿಲ್ಸಿಗೆ ಸಿಗುತ್ತದೆ. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಈಜಿಪ್ಟಿನವರನ್ನು ಕೇಳಿದರೆ ಚಿಪ್ಸ್ ಎಂಬುದಕ್ಕೆ ಅರ್ಥವೇ ಅವರ ದೇಶದ ಚಿಪ್ಸಿ, ಅದರಲ್ಲೂ ಮೆಣಸು-ನಿಂಬೆಯದು. ಕ್ರಿಕೆಟ್ಟಿನ ವಿಷಯದಲ್ಲಿ ರಾಜಿ ಆದಾರು, ಇದರಲ್ಲಿ ಯಾರೂ ಬಗ್ಗುವವರಲ್ಲ.

ಅಜ್ಜನ ಕಾಲದಿಂದ ಬಂದ ಸಂಗತಿ ಎಂಬಂತೆ ನಾವು ವಾದಿಸುವ ಈ ರುಚಿಗಳಿಗೆ ನಿಜವಾಗಿ ಎಪ್ಪತ್ತು ವರ್ಷ ಆಗಿದೆ, ಅಷ್ಟೆ. ಚಿಪ್ಸ್ ಅದಕ್ಕಿಂತ ಹಳೆಯದು. 1853ರಲ್ಲಿ ಅಮೆರಿಕದ ಸರಟೋಗಾದಲ್ಲಿ ಜಾರ್ಜ್ ಕ್ರಮ್ ಎಂಬ ಬಾಣಸಿಗ, ಬಟಾಟೆ ದಪ್ಪವಾಯಿತೆಂದು ಗೊಣಗಿದ ಗಿರಾಕಿಯ ಮೇಲಿನ ಸಿಟ್ಟಿಗೆ ಕಾಗದದಷ್ಟು ತೆಳ್ಳಗೆ ಕೊಯ್ದು ಕರಿದ ಎಂಬ ಕಥೆ ಎಲ್ಲ ಕಡೆ ಸಿಗುತ್ತದೆ. ಕಥೆ ಚೆನ್ನಾಗಿದೆ, ಲೆಕ್ಕಕ್ಕೆ ತಾಳೆಯಾಗುವುದಿಲ್ಲ. ವಿಲಿಯಂ ಕಿಚಿನರ್ ಎಂಬ ಇಂಗ್ಲಿಷ್ ವೈದ್ಯರು 1817ರಲ್ಲಿ ಪ್ರಕಟಿಸಿದ ಅಡುಗೆ ಪುಸ್ತಕದಲ್ಲೇ ತೆಳ್ಳಗೆ ಹೆರೆದ ಬಟಾಟೆಯನ್ನು ಕೊಬ್ಬಿನಲ್ಲಿ ಕರಿಯುವ ವಿಧಾನ ಇದೆ.

ನೂರು ವರ್ಷ ಈ ಚಿಪ್ಸಿಗೆ ಉಪ್ಪೇ ಗತಿ. ಅದೂ ತಿನ್ನುವವರೇ ಹಾಕಿಕೊಳ್ಳಬೇಕು. 1920ರಲ್ಲಿ ಲಂಡನ್ನಿನಲ್ಲಿ ವ್ಯಾಪಾರ ತೆರೆದ ಫ್ರಾಂಕ್ ಸ್ಮಿತ್, ನೀಲಿ ಕಾಗದದ ಚೂರಿನಲ್ಲಿ ಚಿಟಿಕೆ ಉಪ್ಪನ್ನು ತಿರುಚಿ ಪೊಟ್ಟಣದೊಳಗೆ ಇಡುತ್ತಿದ್ದರು. ಬೇಕಾದವರು ಬಿಚ್ಚಿ ಉದುರಿಸಿಕೊಂಡು ಕುಲುಕಬೇಕು, ಬೇಡದವರು ಎಸೆಯಬಹುದು. ಆರು ವರ್ಷದ ಬಳಿಕ, 1926ರಲ್ಲಿ, ಕ್ಯಾಲಿಫೋರ್ನಿಯಾದ ಲಾರಾ ಸ್ಕಡರ್ ಮೇಣದ ಕಾಗದದ ಚೀಲದಲ್ಲಿ ಚಿಪ್ಸ್ ತುಂಬಿ ಬಾಯಿ ಮುಚ್ಚತೊಡಗಿದರು. ಅಲ್ಲಿಯವರೆಗೆ ಡಬ್ಬಿಯಿಂದ ಸುರಿದು ಕೊಡುತ್ತಿದ್ದುದು ಬೇಗ ಮೆತ್ತಗಾಗುತ್ತಿತ್ತು. ಗರಿಗರಿಯಾಗಿ ದೂರದ ಊರಿಗೆ ಹೋಗುವ ಯೋಗ ಬಂದದ್ದು ಈ ಚೀಲದಿಂದ. ನಾನು ಲೆಕ್ಕದ ಮನುಷ್ಯ, ನನ್ನ ದೃಷ್ಟಿಯಲ್ಲಿ ಚಿಪ್ಸಿನ ಚರಿತ್ರೆಯ ದೊಡ್ಡ ವ್ಯಕ್ತಿ ಈ ಹೆಂಗಸೇ.

ರುಚಿ ಬಂದದ್ದು ಐರ್ಲೆಂಡಿನಿಂದ. ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. 1845ರಿಂದ ಕೆಲವು ವರ್ಷ ಆ ದೇಶದ ಬಟಾಟೆಗೆ ಅಂಗಮಾರಿ ತಗಲಿ ಬೆಳೆ ನೆಲದಲ್ಲೇ ಕೊಳೆತಿತ್ತು. ಬೇರೆ ಆಹಾರ ಕೊಳ್ಳಲು ಕೈಯಲ್ಲಿ ಕಾಸಿಲ್ಲದ ಹತ್ತು ಲಕ್ಷದಷ್ಟು ಜನ ಹಸಿವಿಗೂ ರೋಗಕ್ಕೂ ಬಲಿಯಾದರು, ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು. ಆ ದೇಶದ ಡಬ್ಲಿನ್ನಿನಲ್ಲಿ 1954ರಲ್ಲಿ ಜೋ ಮರ್ಫಿ ಎಂಬವರು ಟೇಟೋ ಎಂಬ ಕಂಪನಿ ಕಟ್ಟಿದರು. ಬರೀ ಉಪ್ಪಿನ ಚಿಪ್ಸ್ ಅವರಿಗೆ ಸಪ್ಪೆ. ಕೆಲಸಗಾರ ಶೇಮಸ್ ಬರ್ಕ್ ಅಡುಗೆಮನೆಯ ಮೇಜಿನ ಮೇಲೆ ಪುಡಿಗಳನ್ನು ಬೆರೆಸಿ ನೋಡುತ್ತ ಚೀಸ್-ಈರುಳ್ಳಿಯ ಹದ ಹಿಡಿದರು. ಇಂಗ್ಲೆಂಡಿನ ಗೋಲ್ಡನ್ ವಂಡರ್ 1962ರಲ್ಲಿ ಅದೇ ದಾರಿ ಹಿಡಿಯಿತು; ಸ್ಮಿತ್ ಕಂಪನಿ 1967ರಲ್ಲಿ ಉಪ್ಪು-ವಿನೆಗರಿನಿಂದ ಉತ್ತರ ಕೊಟ್ಟಿತು. ತಿನ್ನುವವರ ಕೈಯಲ್ಲಿದ್ದ ಉಪ್ಪಿನ ಪೊಟ್ಟಣ ಕಾರ್ಖಾನೆಯ ಕೈಗೆ ಹೋಯಿತು. ನಿಮಗೆ ಏನು ರುಚಿಸಬೇಕು ಎಂಬುದನ್ನು ಇನ್ನು ಮುಂದೆ ಅವರು ನಿರ್ಧರಿಸುತ್ತಾರೆ.

ಕೊಲ್ಲಿಯ ಒಂದು ಚಿಪ್ಸ್ ಕಾರ್ಖಾನೆಯ ದಾಸ್ತಾನು ಎಣಿಕೆಗೆ ನಾನೊಮ್ಮೆ ಹೋಗಿದ್ದೆ. ಬಟಾಟೆಯ ಮುಕ್ಕಾಲಿಗಿಂತ ಹೆಚ್ಚು ಭಾಗ ನೀರು, ಕರಿಯುವಾಗ ಅದು ಆವಿಯಾಗಿ ಹೋಗುತ್ತದೆ. ಒಂದು ಕಿಲೋ ಚಿಪ್ಸಿಗೆ ಸುಮಾರು ನಾಲ್ಕು ಕಿಲೋ ಗಡ್ಡೆ ಬೇಕು. ಶೈತ್ಯಾಗಾರದಲ್ಲಿ ಬಹಳ ದಿನ ಇದ್ದ ಗಡ್ಡೆಯಲ್ಲಿ ಸಕ್ಕರೆ ಏರಿ ಚಿಪ್ಸ್ ಕಂದಾಗುತ್ತದೆ, ಅದನ್ನು ಬೇರ್ಪಡಿಸಿ ಎಸೆಯಬೇಕು. ಎಣ್ಣೆಯಿಂದ ಹೊರಬಂದ ಬಿಸಿ ಚಿಪ್ಸ್ ತಿರುಗುವ ಪೀಪಾಯಿಗೆ ಬೀಳುತ್ತದೆ, ಮೇಲಿಂದ ಪುಡಿ ಉದುರುತ್ತದೆ, ಮೈಗೆ ಹತ್ತಿದ ಎಣ್ಣೆಯ ಪಸೆಗೆ ಅಂಟಿಕೊಳ್ಳುತ್ತದೆ. ಪೀಪಾಯಿವರೆಗೆ ಎಲ್ಲ ಚಿಪ್ಸೂ ಒಂದೇ. ನೂರು ಗ್ರಾಮಿನಲ್ಲಿ ಐದರಿಂದ ಎಂಟು ಗ್ರಾಂ ಇರುವ ಆ ಪುಡಿಯೇ ಹುಬ್ಬಳ್ಳಿಯವರನ್ನೂ ಬೆಂಗಳೂರಿನವರನ್ನೂ ಬೇರೆ ಬೇರೆ ಮಾಡುತ್ತದೆ.

ನಮ್ಮೂರಿಗೆ ಬರೋಣ. ಕಂಪನಿಯ ಪೊಟ್ಟಣ ಬರುವ ಮೊದಲೂ ನಾವೇನು ಹಲ್ಲಿಗೆ ಕೆಲಸವಿಲ್ಲದೆ ಕೂತವರಲ್ಲ. ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್, ಸಂಡಿಗೆ ಇದ್ದವು. ಬೆಂಗಳೂರಿನಲ್ಲಿ ಆರ್ಟಿಕಲ್‌ಶಿಪ್ ಮಾಡುವಾಗ ಸಂಜೆಯ ನಮ್ಮ ದಾರಿಯೇ ಹಾಟ್ ಚಿಪ್ಸ್ ಅಂಗಡಿಯ ಮೇಲಿಂದ. ದೊಡ್ಡ ಬಾಣಲೆಯ ಮೇಲೇ ಹೆರೆಮಣೆ ಹಿಡಿದು ಗಡ್ಡೆಯನ್ನು ನೇರ ಕಾದ ಎಣ್ಣೆಗೆ ಹೆರೆಯುವವನ ಕೈಚಳಕ ನೋಡುತ್ತ ನಿಲ್ಲುತ್ತಿದ್ದೆವು. ಉಪ್ಪೋ, ಕಾಳುಮೆಣಸೋ, ಮೆಣಸಿನ ಪುಡಿಯೋ ಎಂದು ಅವನು ಕೇಳುತ್ತಿದ್ದ. ಖಾರ ಸ್ವಲ್ಪ ಮುಂದಿಡಿ ಎಂದರೆ ಮುಂದಿಡುತ್ತಿದ್ದ. ಸ್ಮಿತ್ತನ ನೀಲಿ ಕಾಗದ ಕೊಟ್ಟ ಸ್ವಾತಂತ್ರ್ಯ ಆ ಬಾಣಲೆಯ ಮುಂದೆ ಇನ್ನೂ ಇದೆ.

1992ರಲ್ಲಿ ಅಂಕಲ್ ಚಿಪ್ಸ್ ಬಂತು, ಆಗ ನಾನು ಹೈಸ್ಕೂಲು. 1995ರ ಹೊತ್ತಿಗೆ ಪೆಪ್ಸಿಯವರ ಲೇಸ್ ಬಂತು, 2000ದಲ್ಲಿ ಅಂಕಲ್ಲನ್ನೂ ಅದೇ ಕಂಪನಿ ಕೊಂಡುಕೊಂಡಿತು. 2007ರಲ್ಲಿ ಐಟಿಸಿಯ ಬಿಂಗೋ. ಈ ಪೈಪೋಟಿಯಲ್ಲಿ ನಿಂತದ್ದು ಮ್ಯಾಜಿಕ್ ಮಸಾಲಾ. ಅಂಗಡಿಯಲ್ಲಿ ಯಾರೂ ಆ ಹೆಸರು ಹೇಳುವುದಿಲ್ಲ, ನೀಲಿ ಪ್ಯಾಕೆಟ್ ಎಂದರೆ ಸಾಕು. ಚಾಟ್ ಗಾಡಿಯ ಹುಳಿ-ಖಾರವನ್ನು ಪುಡಿ ಮಾಡಿ ಅಮೆರಿಕದ ಚಿಪ್ಸಿನ ಮೇಲೆ ಉದುರಿಸಿದ ಮೇಲಷ್ಟೇ ನಮ್ಮವರು ಅದನ್ನು ತಮ್ಮದೆಂದು ಒಪ್ಪಿದ್ದು.

ತಿನ್ನುವವರ ಅಭಿಪ್ರಾಯ ಕೇಳುವ ಶಾಸ್ತ್ರವನ್ನೂ ಕಂಪನಿಗಳು ಮಾಡಿದವು. ಇಂಗ್ಲೆಂಡಿನಲ್ಲಿ ವಾಕರ್ಸ್ 2008ರಲ್ಲಿ ಜನರಿಂದಲೇ ಹೊಸ ರುಚಿಗಳ ಸಲಹೆ ಕೇಳಿ, ಆರನ್ನು ಆರಿಸಿ ಮತಕ್ಕೆ ಹಾಕಿತು. ನಮ್ಮ ಈರುಳ್ಳಿ ಬಜೆಯೂ ಕಣದಲ್ಲಿತ್ತು. ಅಳಿಲಿನ ಹೆಸರಿನದೂ ಒಂದಿತ್ತು! 2009ರಲ್ಲಿ ಗೆದ್ದದ್ದು ಬೇಕನ್, ಮೊಟ್ಟೆಯ ಬೆಳಗಿನ ಉಪಾಹಾರದ ರುಚಿ; ಮರುವರ್ಷವೇ ಅದನ್ನು ಅಂಗಡಿಯಿಂದ ಇಳಿಸಿದರು. ಭಾರತದಲ್ಲೂ ಲೇಸ್ ಅಂಥದೇ ಸ್ಪರ್ಧೆ ನಡೆಸಿ ಮಸ್ತಾನಾ ಮ್ಯಾಂಗೋ ಎಂಬ ಮಾವಿನ ಚಿಪ್ಸನ್ನು ಅಂತಿಮ ಸುತ್ತಿಗೆ ತಂದಿತ್ತು. ಇವತ್ತು ಅದನ್ನು ಕೇಳುವವರು ಯಾರು? ಮತ ಹಾಕುವಾಗ ನಾಲಿಗೆಗೆ ಹೊಸತು ಬೇಕು, ಕಾಸು ಬಿಚ್ಚುವಾಗ ನೀಲಿ ಪ್ಯಾಕೆಟ್ಟೇ ಬೇಕು.

ಈ ಎಲ್ಲದರ ಅಡಿಯಲ್ಲಿರುವ ಗಡ್ಡೆಯ ಕಥೆ ಬೇರೆ. ಕರ್ನಾಟಕದಲ್ಲಿ ಬಟಾಟೆಗೆ ಹೆಸರಾದ ಹಾಸನದಲ್ಲಿ ರೈತರು ಪಂಜಾಬಿನ ಜಲಂಧರದಿಂದ ಬರುವ ಬಿತ್ತನೆ ಗಡ್ಡೆ ಕೊಂಡು ಮುಂಗಾರಿಗೆ ಹಾಕುತ್ತಾರೆ. ಚಿಪ್ಸ್ ಕಂಪನಿಯ ಒಪ್ಪಂದದ ಬೇಸಾಯವೂ ಆ ಕಡೆ ನಡೆದಿದೆ. ಮಳೆ ಹಿಡಿದು ಮೋಡ ಕವಿದರೆ ಅಲ್ಲಿಗೂ ಅದೇ ಐರ್ಲೆಂಡಿನ ಅಂಗಮಾರಿ. ಎಷ್ಟೋ ಮಂದಿ ಬಟಾಟೆ ಬಿಟ್ಟು ಮೆಕ್ಕೆಜೋಳಕ್ಕೆ ಹೋಗಿದ್ದಾರೆ. ರುಚಿಯ ಬಗ್ಗೆ ಅವರ ಅಭಿಪ್ರಾಯವನ್ನು ಯಾರೂ ಮತಕ್ಕೆ ಹಾಕಿಲ್ಲ.

ಕುವೈತಿಗೆ ನಮ್ಮ ಮಸಾಲೆ ಚಿಪ್ಸ್ ಜೊತೆ ಬಂದದ್ದಲ್ಲ. ಎಣ್ಣೆಬಾವಿಗಳಿಗೂ ಮೊದಲೇ ಇಲ್ಲಿನ ಹಾಯಿಹಡಗುಗಳು ಖರ್ಜೂರ ಹೊತ್ತು ಮುಂಬಯಿಗೂ ಮಲಬಾರಿಗೂ ಹೋಗಿ ಮರ, ಅಕ್ಕಿ, ಸಂಬಾರ ತರುತ್ತಿದ್ದವು. 1961ರಲ್ಲಿ ದಿನಾರ್ ಬರುವವರೆಗೆ ಈ ಊರಿನ ಲೆಕ್ಕವೆಲ್ಲ ರೂಪಾಯಿಯಲ್ಲೇ. ಉಪ್ಪಿನಕಾಯಿಗೆ ಇಲ್ಲಿನವರು ಇಂದಿಗೂ ಅಚಾರ್ ಎನ್ನುತ್ತಾರೆ. ಇಲ್ಲಿಯದೇ ಆದ ಬಟಾಟೋಸ್ ಚಿಪ್ಸನ್ನು ತಯಾರಿಸುವ ಕಿಟ್ಕೊ ಎಂಬ ಹೆಸರನ್ನು ಬಿಡಿಸಿದರೆ ಕುವೈತ್ ಇಂಡೋ ಟ್ರೇಡಿಂಗ್ ಕಂಪನಿ. ಜಮಿಯಾ, ಅಂದರೆ 1962ರ ಕಾಯ್ದೆಯಿಂದ ಬೆಳೆದ ಸಹಕಾರಿ ಅಂಗಡಿ, ಅದರ ಒಂದೇ ಕಪಾಟಿನಲ್ಲಿ ಫ್ರೆಂಚ್ ಚೀಸ್, ಕೆಚಪ್, ಉಪ್ಪು-ವಿನೆಗರ್ ಸಾಲಾಗಿ ನಿಂತಿರುತ್ತವೆ. ಭಾರತೀಯ ಅಂಗಡಿಗೆ ಹೋದರೆ ನೀಲಿ ಪ್ಯಾಕೆಟ್ ಹಡಗಿನ ಬಾಡಿಗೆ ಸೇರಿಸಿಕೊಂಡು ಕೂತಿರುತ್ತದೆ. ರಂಜಾನಿನ ನಡುವೆ ಗಿರ್‌ಗಿಯಾನ್ ಬಂದಾಗ ನೆರೆಮನೆಯ ಮಕ್ಕಳು ಹಾಡುತ್ತ ಬಾಗಿಲು ತಟ್ಟುತ್ತಾರೆ. ಅವರ ಚೀಲಕ್ಕೆ ಬಾದಾಮಿ, ಮಿಠಾಯಿಯ ಜೊತೆ ನನ್ನ ಹೆಂಡತಿ ಚಿಪ್ಸನ್ನೂ ಹಾಕುತ್ತಾಳೆ.

ಆದರೆ ಇಲ್ಲಿ ಬೆಳೆದ ನಮ್ಮ ಮಕ್ಕಳನ್ನು ಕೇಳಿ. ನೀಲಿಯೂ ಬೇಡ, ಹಸಿರೂ ಬೇಡ, ಚಿಪ್ಸ್ ಒಮಾನ್ ಎನ್ನುತ್ತಾರೆ. ಒಮಾನಿನ ಈ ಖಾರದ ಚಿಪ್ಸ್ ಕೊಲ್ಲಿಯ ಅಷ್ಟೂ ದೇಶಗಳಲ್ಲಿ ಪ್ರಸಿದ್ಧ. ಕಾಸರಗೋಡಿನಿಂದ ಕೆಳಗಿನ ಮಲಯಾಳಿಗಳು ನಡೆಸುವ ಕೆಫೆಟೇರಿಯಾಗಳಲ್ಲಿ ಬಿಸಿ ಪರೋಟದ ಮೇಲೆ ಚೀಸ್ ಸವರಿ, ಈ ಚಿಪ್ಸನ್ನು ಪುಡಿಮಾಡಿ ಉದುರಿಸಿ, ಸುರುಳಿ ಸುತ್ತಿ, ಕರಕ್ ಚಹಾದ ಜೊತೆ ಕೊಡುತ್ತಾರೆ. ಪರೋಟ ಕೇರಳದ್ದು, ಚೀಸ್ ಡಬ್ಬಿಯದು, ಚಿಪ್ಸ್ ಮಸ್ಕತಿನದು. ನನ್ನ ಮಗಳಿಗೆ ಇದು ಮನೆಯ ತಿಂಡಿ. ಊರಿಗೆ ಹೋದಾಗ ಅಜ್ಜಿ ಪ್ರೀತಿಯಿಂದ ಹಲಸಿನ ಹಪ್ಪಳ ಕರಿದಿಟ್ಟರೆ ಎರಡು ತಿಂದು, "ಚೆನ್ನಾಗಿದೆ ಅಜ್ಜಿ," ಎಂದು ಮರ್ಯಾದೆ ಉಳಿಸುತ್ತಾಳೆ. ನನ್ನ ಅಮ್ಮನಿಗೆ ಅದು ಅರ್ಥವಾಗುತ್ತದೆ, ಮರುದಿನ ಹಪ್ಪಳದ ಡಬ್ಬಿ ನನ್ನ ಕಡೆಗೆ ಸರಿಯುತ್ತದೆ.

ಈ ಮಕ್ಕಳು ಹುಟ್ಟಿದ್ದು ಇಲ್ಲಾದರೂ ಇಲ್ಲಿನ ಪ್ರಜೆಗಳಲ್ಲ. ಅಪ್ಪನ ಕೆಲಸ ಇರುವವರೆಗೆ ಇಕಾಮಾ. ಅದು ಮುಗಿದ ದಿನ ಮೂವತ್ತು ಕಿಲೋ ಸಾಮಾನಿನ ಜೊತೆ ಹೊರಡಬೇಕು. ನಮಗಾದರೆ ಊರಿನ ರುಚಿ ಬಿಟ್ಟು ಇಲ್ಲಿಗೆ ಬಂದ ಕೊರಗು. ಅವರು ತಮ್ಮ ರುಚಿ ಬಿಟ್ಟು ನಮ್ಮ ಊರಿಗೆ ಹೋಗಬೇಕು, ಅದನ್ನು ಊರಿಗೆ ಮರಳುವುದು ಎಂದು ನಾವು ಕರೆಯುತ್ತೇವೆ.

ಗೆಳೆಯರೊಬ್ಬರ ಮಗ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಮೊದಲ ಸೆಮಿಸ್ಟರ್ ಪೂರ್ತಿ ಮೆಸ್ಸಿನ ಊಟದ ದೂರು. ಡಿಸೆಂಬರಿನಲ್ಲಿ ತಾಯಿಗೆ ಒಂದು ಫೋಟೋ ಕಳಿಸಿದ. ಕಾಸರಗೋಡಿನ ಪೇಟೆಯಲ್ಲಿ ಗಲ್ಫ್ ಸಾಮಾನು ಮಾರುವ ಅಂಗಡಿ, ಗಾಜಿನ ಕಪಾಟಿನಲ್ಲಿ ಟ್ಯಾಂಗ್ ಮತ್ತು ಅತ್ತರಿನ ನಡುವೆ ಚಿಪ್ಸ್ ಒಮಾನ್. ಮೇಲೆ ರೂಪಾಯಿಯ ಚೀಟಿ ಅಂಟಿಸಿದ್ದರು. ಬೆಲೆ ನೋಡಿ ತಾಯಿ ಬೈದರಂತೆ. ಅವನು ಆಗಲೇ ಹನ್ನೆರಡು ಪೊಟ್ಟಣ ಕೊಂಡಾಗಿತ್ತು.