ಹೆಗಲು ಮತ್ತು ಗಾಲಿ

ಜಲಪಾತ ನೋಡಲು ಕಣ್ಣು ಸಾಲದೆ, ಕಾಲೂ ಬೇಕೆ? ಇದು ನಮ್ಮಕ್ಕ ಕೇಳುತ್ತಿದ್ದ ಪ್ರಶ್ನೆ. ಚಿಕ್ಕಂದಿನಲ್ಲೇ ಪೋಲಿಯೋದಿಂದ ಅವಳ ಎರಡೂ ಕಾಲು ಸೋತಿದ್ದವು. ಹಲಬರ್ಗಾದಿಂದ ಮನೆಮಂದಿಯೆಲ್ಲ ಬೀದರಿನ ಝರಣಿ ನರಸಿಂಹನಿಗೆ ಹೋದಾಗ, ಎದೆಮಟ್ಟದ ನೀರಿನ ಆ ಗುಹೆಯೊಳಗೆ ಮಕ್ಕಳು ದೊಡ್ಡವರ ಹೆಗಲೇರಿ ಹೋಗುತ್ತಿದ್ದರು. ಬೆಳೆದ ಹೆಣ್ಣುಮಗಳನ್ನು ಹೊರುವವರಾರು? ಅಕ್ಕ ಹೊರಗೆ ಕುಳಿತು ನಮ್ಮ ಚಪ್ಪಲಿ ಕಾಯುತ್ತಿದ್ದಳು.

ಹಾಗೆಂದು ಹೊತ್ತೊಯ್ಯುವುದು ನಮ್ಮ ನಾಡಿಗೆ ಹೊಸದಲ್ಲ. 19ನೆಯ ಶತಮಾನದಲ್ಲಿ ಜೋಗ ನೋಡಲು ಬರುತ್ತಿದ್ದ ಇಂಗ್ಲಿಷರು ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದು, ಅಲ್ಲಿಂದ ಮೇಣೆಯಲ್ಲಿ ಕುಳಿತು ಘಟ್ಟ ಏರುತ್ತಿದ್ದರು. ಕಾಲು ಗಟ್ಟಿಯಿದ್ದವರೇ ಬೋಯಿಗಳ ಹೆಗಲ ಮೇಲೆ ಬಂದರು. ಅವರನ್ನು ಯಾರೂ ಅಂಗವಿಕಲರೆಂದು ಕರೆಯಲಿಲ್ಲ!

ಮಡಚುವ ಗಾಲಿಕುರ್ಚಿ ರೂಢಿಗೆ ಬಂದದ್ದು 1930ರ ದಶಕದಲ್ಲಿ. ಗಣಿ ಅಪಘಾತದಲ್ಲಿ ಕಾಲಿನ ಬಲ ಕಳೆದುಕೊಂಡಿದ್ದ ಅಮೆರಿಕದ ಹರ್ಬರ್ಟ್ ಎವರೆಸ್ಟ್, ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಜೊತೆಗೂಡಿ ಅದನ್ನು ರೂಪಿಸಿದ. ಕುರ್ಚಿ ಮೋಟಾರಿನಲ್ಲಿ ಹಿಡಿಸುವಂತಾದ ಮೇಲೆ ಪ್ರಯಾಣವೂ ಸಾಧ್ಯವಾಯಿತು. ಆದರೆ ಗಾಲಿ ಮೆಟ್ಟಿಲು ಹತ್ತೀತೇ? ನಮ್ಮ ದೇಶದ 1995ರ ಕಾಯಿದೆ ಇಳಿಜಾರು ಕಟ್ಟಿರೆಂದಿತು. ಜೊತೆಗೆ ‘ಆರ್ಥಿಕ ಶಕ್ತಿಯ ಮಿತಿಯಲ್ಲಿ’ ಎಂಬ ಮಾತನ್ನೂ ಸೇರಿಸಿತು. 2016ರ ಕಾಯಿದೆ ಆ ಮಾತು ಬಿಟ್ಟು, ಹಳೆಯ ಸಾರ್ವಜನಿಕ ಕಟ್ಟಡಗಳಿಗೂ ಗಡುವು ಹಾಕಿತು.

ಅಕ್ಕನಿಗೆ ಅರವತ್ತು ತುಂಬಿದ ಮೇಲೆ ಒಂದು ಮಳೆಗಾಲದ ಕೊನೆಗೆ ಅವಳನ್ನು ಜೋಗಕ್ಕೆ ಕರೆದುಕೊಂಡು ಹೋದೆ. ಬೆಂಗಳೂರಿನಿಂದ ತಾಳಗುಪ್ಪಕ್ಕೆ ರೈಲು. ದಾರಿಯಲ್ಲಿ ಇಳಿದುಕೊಂಡ ವಸತಿಗೃಹಕ್ಕೆ ನಾಲ್ಕೇ ಮೆಟ್ಟಿಲು. ಇಬ್ಬರು ಹುಡುಗರು ಕುರ್ಚಿ ಸಮೇತ ಎತ್ತಿದರು. ಒಳ್ಳೆಯ ಹುಡುಗರೇ. ಆದರೂ ಅಕ್ಕ ಸೆರಗು ಬಿಗಿಹಿಡಿದು ಕಣ್ಣು ಮುಚ್ಚಿಕೊಂಡಳು.

ಜೋಗದ ತಳಕ್ಕಿಳಿಯಲು ಸುಮಾರು 1,400 ಮೆಟ್ಟಿಲುಗಳಿವೆ. ಆದರೆ 253 ಮೀಟರ್ ಧುಮುಕುವ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಎದುರಿನ ಮೇಲ್ದಂಡೆಯಿಂದಲೇ ಕಾಣುತ್ತವೆ. ಅಲ್ಲಿ ನಾನು ಕುರ್ಚಿ ತಳ್ಳಲು ಹೋದರೆ, “ಬಿಡವ್ವಾ, ನಾನೇ ಹೋಗ್ತೀನಿ” ಎಂದಳು. ತಾನೇ ಗಾಲಿ ಉರುಳಿಸುತ್ತ ಕಟಕಟೆಯವರೆಗೆ ಹೋದಳು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಇಲ್ಲಿ ಯಾರ ಹೆಗಲೂ ಬೇಕಾಗ್ಲಿಲ್ಲ ನೋಡು” ಎಂದಳು.

ನೀರನ್ನು ತರುವುದು ನಮ್ಮ ಕೈಯಲ್ಲಿಲ್ಲ, ದಾರಿ ಮಾಡುವುದು ಇದೆ. ಗುಡಿ, ಶಾಲೆ, ಮಂಗಲ ಕಾರ್ಯಾಲಯ ಕಟ್ಟಿಸುವವರಿಗೆ ಗಣಿತದ ಟೀಚರಾಗಿ ನಾನು ಹೇಳುವ ಲೆಕ್ಕ ಇಷ್ಟೇ: 1 ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು.