ನರ್ಸಿಂಗ್ ಹೋಂಗೆ ಸೇರಿಸೋ ಮುಂಚೆ ಏನೇನು ನೋಡಬೇಕು?

ತಾಲೂಕು ಕೇಂದ್ರದಲ್ಲಿ ನರ್ಸಿಂಗ್ ಹೋಂ ಅಂದ್ರೆ ಹತ್ತಿಪ್ಪತ್ತು ಬೆಡ್ಡಿನ ಖಾಸಗಿ ಆಸ್ಪತ್ರೆ. ಹೆರಿಗೆ, ಅಪೆಂಡಿಕ್ಸ್, ಡೆಂಗಿ ಜ್ವರ ಎಲ್ಲಾ ಅಲ್ಲೇ. ಸೇರಿಸುವಾಗ ಜನ ಕೇಳೋದು ಎರಡೇ ಪ್ರಶ್ನೆ: ಡಾಕ್ಟ್ರು ಹೇಗೆ, ಬಿಲ್ಲು ಎಷ್ಟಾಗುತ್ತೆ? ಆದರೆ ಡಾಕ್ಟ್ರು ರೌಂಡ್ಸ್‌ಗೆ ಬಂದು ಐದು ನಿಮಿಷ ನಿಂತು ಹೋಗ್ತಾರೆ. ಉಳಿದ ಹೊತ್ತೆಲ್ಲ ರೋಗಿ ಇರೋದು ನರ್ಸ್ ಕೈಯಲ್ಲಿ.

ಮೊದಲು ಗೋಡೆ ನೋಡಿ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ (ಕೆಪಿಎಂಇ) ಪ್ರಕಾರ ನೋಂದಣಿ ಕಡ್ಡಾಯ. ಪ್ರಮಾಣಪತ್ರಕ್ಕೆ 5 ವರ್ಷದ ಅವಧಿ. ದರಪಟ್ಟಿಯೂ ಜನರ ಕಣ್ಣಿಗೆ ಬೀಳುವಂತೆ ಇರಬೇಕು, ಕ್ಯಾಲೆಂಡರ್ ಹಿಂದೆ ಅಲ್ಲ. ಇಷ್ಟಿದ್ದರೆ ಜಾಗ ಕಾನೂನುಬದ್ಧ ಅಂತಷ್ಟೇ ಅರ್ಥ, ಆರೈಕೆ ಚೆನ್ನಾಗಿದೆ ಅಂತಲ್ಲ. ಗುಣಮಟ್ಟಕ್ಕೆ ಎನ್‌ಎಬಿಎಚ್ ಮಾನ್ಯತೆ ಬೇರೆ ಇದೆ. 50 ಬೆಡ್‌ವರೆಗಿನ ಸಣ್ಣ ಆಸ್ಪತ್ರೆಗಳಿಗೂ ಅದರಲ್ಲಿ ಪ್ರತ್ಯೇಕ ಮಾನದಂಡ ಉಂಟು, ಆದರೆ ಅದು ಸ್ವಇಚ್ಛೆಯದು.

ಆಸ್ಪತ್ರೆಯ ನಿಜ ಬಣ್ಣ ಗೊತ್ತಾಗೋದು ರಾತ್ರಿ. ಹತ್ತು ಗಂಟೆ ಮೇಲೆ ಯಾರಾದ್ರೂ ಪರಿಚಯದ ರೋಗಿ ನೋಡೋ ನೆಪದಲ್ಲಿ ಒಂದು ಸುತ್ತು ಹೋಗಿ ಬನ್ನಿ. ಡ್ಯೂಟಿ ಡಾಕ್ಟರ್ ಕಟ್ಟಡದಲ್ಲೇ ಇದ್ದಾರಾ, ಫೋನ್ ಮಾಡಿದ್ರೆ ಬರ್ತಾರಾ? ಅವರ ಓದು ಯಾವುದು? ವಾರ್ಡಿಗೆ ನರ್ಸ್ ಎಷ್ಟು ಜನ? ಯೂನಿಫಾರ್ಮ್ ಹಾಕಿದವರೆಲ್ಲ ನರ್ಸ್ ಅಲ್ಲ. ಎಎನ್‌ಎಂ, ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಓದಿ, ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ ಆಗಿರಬೇಕು. ಕೇಳೋಕೆ ಸಂಕೋಚ ಬೇಡ.

ವಾರ್ಡಲ್ಲಿ ಹತ್ತು ನಿಮಿಷ ಕೂತರೆ ಸಾಕು, ಬಹಳ ಗೊತ್ತಾಗುತ್ತೆ. ಒಬ್ಬ ರೋಗಿಯಿಂದ ಇನ್ನೊಬ್ಬರ ಹತ್ರ ಹೋಗುವಾಗ ನರ್ಸ್ ಕೈ ತೊಳೀತಾರಾ? ಇಂಜೆಕ್ಷನ್ ಕೊಡೋ ಮುಂಚೆ ಹೆಸರು ಕೇಳ್ತಾರಾ? ಕೈಗೆ ಹಾಕಿದ ಕ್ಯಾನುಲಾ ಮೇಲೆ ತಾರೀಕು ಬರೆದಿದೆಯಾ? ಕಸದ ಡಬ್ಬಿಗಳನ್ನೂ ನೋಡಿ. ರಕ್ತ ಹತ್ತಿದ ಹತ್ತಿ ಹಳದಿಗೆ, ಗ್ಲೂಕೋಸ್ ಟ್ಯೂಬು, ಗ್ಲೌಸು ಕೆಂಪಿಗೆ, ಗಾಜು ನೀಲಿಗೆ, ಸೂಜಿ ಬಿಳಿ ಗಟ್ಟಿ ಡಬ್ಬಕ್ಕೆ ಹೋಗಬೇಕು. ಎಲ್ಲಾ ಒಂದೇ ಬುಟ್ಟಿಯಲ್ಲಿದ್ರೆ ಉಳಿದದ್ದನ್ನ ಊಹಿಸಿಕೊಳ್ಳಿ. ಹಾಸಿಗೆ ಹಿಡಿದ ವಯಸ್ಸಾದವರನ್ನ ಸೇರಿಸುವುದಾದರೆ, ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸೋರು ಯಾರು ಅಂತ ಕೇಳಿ. ಬೆನ್ನು ಹುಣ್ಣಾಗೋದು ಇದನ್ನ ಬಿಟ್ಟಾಗಲೇ.

ಹೆರಿಗೆಗಾದ್ರೆ ಏಳು ತಿಂಗಳಲ್ಲೇ ವಿಚಾರಿಸಿ, ನೋವು ಬಂದ ಮೇಲೆ ಅಲ್ಲ. ಸಿಸೇರಿಯನ್ ಬೇಕಾದ್ರೆ ಅರಿವಳಿಕೆ ಡಾಕ್ಟ್ರು ಊರಲ್ಲೇ ಇದ್ದಾರಾ, ಬೇರೆ ಊರಿಂದ ಕಾರಲ್ಲಿ ಬರಬೇಕಾ? ಮಗುವಿಗೆ ವಾರ್ಮರ್, ಮಕ್ಕಳ ಡಾಕ್ಟ್ರು ಇದ್ದಾರಾ? ಎಲ್ಲಕ್ಕಿಂತ ಮುಖ್ಯ, ರಕ್ತ ಎಲ್ಲಿಂದ ಬರುತ್ತೆ? ಹೆರಿಗೆ ನಂತರದ ರಕ್ತಸ್ರಾವ ಕಾಯೋದಿಲ್ಲ. ರಕ್ತನಿಧಿ ಜಿಲ್ಲಾ ಕೇಂದ್ರದಲ್ಲಿದ್ರೆ ಹೋಗಿ ಬರೋ ದಾರಿಯೇ ಅಪಾಯ. ಹೆರಿಗೆಯಾದ ಮೊದಲ ಎರಡು ಗಂಟೆ ಕಾಲುಗಂಟೆಗೊಮ್ಮೆ ಬಿಪಿ, ನಾಡಿ, ರಕ್ತಸ್ರಾವ ನೋಡಬೇಕು. ಮನೆಯವರು ಪೇಡೆ ಹಂಚೋ ಗಡಿಬಿಡಿಯಲ್ಲಿ ಇರೋದು ಕೂಡ ಇದೇ ಹೊತ್ತಲ್ಲಿ.

'ಇದು ನಮ್ಮಿಂದ ಆಗಲ್ಲ, ದೊಡ್ಡಾಸ್ಪತ್ರೆಗೆ ಹೋಗಿ' ಅಂತ ಬೇಗ ಹೇಳೋ ಡಾಕ್ಟ್ರ ಮೇಲೆ ಊರಲ್ಲಿ ಸಿಟ್ಟು ಜಾಸ್ತಿ. ನಿಜವಾಗಿ ನಂಬಬೇಕಾದವರು ಅವರನ್ನೇ. ಸಂಜೆವರೆಗೂ ಇಟ್ಟುಕೊಂಡು ಕೊನೇ ಗಳಿಗೆಯಲ್ಲಿ ಆಂಬುಲೆನ್ಸ್ ಹತ್ತಿಸುವ ಜಾಗ ಯಾವುದು ಅಂತ ಎದುರಿನ ಟೀ ಅಂಗಡಿಯವರಿಗೆ ಗೊತ್ತಿರುತ್ತೆ.

ದುಡ್ಡಿನ ವಿಷಯ. ತುರ್ತು ಇದ್ದಾಗ ಅಡ್ವಾನ್ಸ್ ಕಟ್ಟಿಲ್ಲ ಅಂತ ಜೀವ ಉಳಿಸೋ ಪ್ರಥಮ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಬಿಲ್ ಬಾಕಿ ಅಂತ ಶವ ಹಿಡಿದಿಡುವಂತೆಯೂ ಇಲ್ಲ. ಬಿಪಿಎಲ್ ಕಾರ್ಡಿನ ಆರೋಗ್ಯ ಯೋಜನೆ ಎಲ್ಲಾ ನರ್ಸಿಂಗ್ ಹೋಂಗಳಲ್ಲಿ ನಡೆಯಲ್ಲ, ಮೊದಲೇ ಕೇಳಿ.

ಆರೈಕೆಯಲ್ಲಿ ತಪ್ಪಾಗಿದೆ ಅನಿಸಿದ್ರೆ ಕೌಂಟರಲ್ಲಿ ಜಗಳ ಆಡೋದಕ್ಕಿಂತ ಕೇಸ್ ಶೀಟಿನ ಪ್ರತಿ ಬರಹದಲ್ಲಿ ಕೇಳಿ. 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ನಿಯಮವೇ ಇದೆ. ದೂರು ಕೊಡೋದು ಕೆಪಿಎಂಇ ಜಿಲ್ಲಾ ಪ್ರಾಧಿಕಾರಕ್ಕೆ. ಜಿಲ್ಲಾಧಿಕಾರಿ ಅಧ್ಯಕ್ಷರು, ಅರ್ಜಿ ಡಿಎಚ್‌ಓ ಕಚೇರಿಗೆ ಕೊಡಬಹುದು. ಪರಿಹಾರ ಬೇಕಿದ್ರೆ 2 ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬೇಕು. ಕಟ್ಟಿದ ಹಣ 5 ಲಕ್ಷದೊಳಗಿದ್ರೆ ಶುಲ್ಕ ಇಲ್ಲ. ಎಲ್ಲಿಗೇ ಹೋದ್ರೂ ಡಿಸ್ಚಾರ್ಜ್ ಸಮ್ಮರಿ, ಬಿಲ್ಲು, ಮೆಡಿಕಲ್ ಶಾಪಿನ ಚೀಟಿ ಕೇಳ್ತಾರೆ. ಮನೆಗೆ ಬಂದ ದಿನವೇ ಒಂದು ಕವರಿನಲ್ಲಿ ಹಾಕಿಟ್ಟುಕೊಳ್ಳಿ.